ಸುಸ್ತಿದಾರ ಯಾರು, ಸ್ವಾಮಿ?

ರೈತರ ಸಾಲ ಸುಸ್ತಿಯೇ ಹಣಕಾಸು ಮಾರುಕಟ್ಟೆಯ ಸ್ಥಿರತೆಗೆ ದೊಡ್ಡ ಕಂಟಕವೆಂದು ಬರೆದಿರುವವರು ಮದ್ದೂರು ತಾಲ್ಲೂಕಿನ ವೈದ್ಯನಾಥಪುರದ ಕಡೆಗೊಮ್ಮೆ ಬರಲಿ. ಶಿಂಷಾ ದಂಡೆಯ ಈ ಸೀಮೆಯ ಕಬ್ಬು ಬೆಳೆಗಾರ ಸಹಕಾರ ಸೊಸೈಟಿಯಲ್ಲಿ ಶೂನ್ಯ ಬಡ್ಡಿಯ ಬೆಳೆಸಾಲ ಎತ್ತುತ್ತಾನೆ. ಕಬ್ಬು ಕೊಟ್ಟ 14 ದಿನಗಳೊಳಗೆ ಕಾರ್ಖಾನೆ ಹಣ ಪಾವತಿಸಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು ಎನ್ನುತ್ತದೆ 1966ರ ಕಬ್ಬು ನಿಯಂತ್ರಣ ಆದೇಶ. ಬಿಲ್ಲು ತಿಂಗಳುಗಟ್ಟಲೆ ಬಾಕಿ ಉಳಿದರೂ ಸೊಸೈಟಿಯ ಗಡುವು ಕಾಯುವುದಿಲ್ಲ. ಗಡುವು ದಾಟಿತೋ, ಶೂನ್ಯ ಬಡ್ಡಿ ಹೋಯಿತು, ರೈತನ ಹೆಸರು ಸುಸ್ತಿ ಪಟ್ಟಿಗೆ ಬಂತು. ಬಾಕಿ ಉಳಿಸಿಕೊಂಡ ಕಾರ್ಖಾನೆ ಯಾವ ಪಟ್ಟಿಯಲ್ಲಿದೆ?

ಮಾರುಕಟ್ಟೆ ನಿಜಕ್ಕೂ ನಡುಗಿದ್ದು 2018ರಲ್ಲಿ, ಸುಮಾರು 91,000 ಕೋಟಿ ರೂಪಾಯಿ ಸಾಲ ಹೊತ್ತಿದ್ದ ಮೂಲಸೌಕರ್ಯ ಹಣಕಾಸು ಸಂಸ್ಥೆ ಐಎಲ್ ಆ್ಯಂಡ್ ಎಫ್‌ಎಸ್ ಸಮೂಹ ಕಂತು ತಪ್ಪಿಸಿದಾಗ. ಅದಕ್ಕೂ ಕೆಲವೇ ವಾರಗಳ ಮುಂಚೆ ಆ ಸಮೂಹಕ್ಕೆ ಸಾಲಯೋಗ್ಯತೆಯ ಅತ್ಯುನ್ನತ ‘ಎಎಎ’ ದರ್ಜೆಯಿತ್ತು! ದಶಕಗಟ್ಟಲೆ ಕಾಯಬೇಕಾದ ರಸ್ತೆ ಯೋಜನೆಗಳಿಗೆ ಅಲ್ಪಾವಧಿ ಸಾಲ ಸುರಿದದ್ದೇ ಅದರ ರೋಗ. ಹಣ ಕೊಡುವವರು ಉಳಿದ ಫೈನಾನ್ಸ್ ಕಂಪನಿಗಳನ್ನೂ ನಂಬದಾದರು; ಸೆಪ್ಟೆಂಬರ್ 21ರಂದು ಒಂದೇ ದಿನ ಗೃಹಸಾಲ ಕಂಪನಿ ಡಿಎಚ್‌ಎಫ್‌ಎಲ್ ಷೇರು ಶೇ 40ಕ್ಕೂ ಹೆಚ್ಚು ಬಿತ್ತು.

ಸಾಲ ಮನ್ನಾ ಸರಿಯೇ ಎಂಬುದು ಬೇರೆ ಜಗಳ; ನನಗೂ ಅದು ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಬೆಳೆಸಾಲದಿಂದ ಷೇರುಪೇಟೆ ಹೀಗೆ ಕುಸಿದ ಒಂದೇ ಒಂದು ದಿನವನ್ನು ಲೇಖಕರು ತೋರಿಸಲಿ.