ಅಮ್ಮನಾಗುವ ಮುಂಚಿನ ಹುಡುಗಿ

ತಾಯಂದಿರ ದಿನ ಬಂತೆಂದರೆ ವಾಟ್ಸ್‌ಆ್ಯಪ್ ಸ್ಟೇಟಸ್‌ಗಳ ತುಂಬ ಎರಡು ಜಡೆಯ ಹುಡುಗಿಯರು. ಸ್ಟುಡಿಯೊದ ಪರದೆ, ಪಕ್ಕದಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ, ಲಂಗ ದಾವಣಿ. ‘ನಮ್ಮಮ್ಮ ಆಗ ಹೀರೋಯಿನ್ ಥರ ಇದ್ರು’ ಎಂಬ ಒಕ್ಕಣೆ ಬೇರೆ. ಫೋಟೊ ಎಲ್ಲರಿಗೂ ಇಷ್ಟ. ಆ ಹುಡುಗಿ ಯಾರ ಜತೆ ಸಿನಿಮಾಕ್ಕೆ ಹೋಗುತ್ತಿದ್ದಳು, ಕಾಲೇಜು ಯಾಕೆ ಬಿಟ್ಟಳು, ಅವಳ ಮನಸ್ಸಿನಲ್ಲಿ ಯಾರಾದರೂ ಇದ್ದರೇ ಎಂದು ಕೇಳುವ ಮಕ್ಕಳು ಮಾತ್ರ ಕಡಿಮೆ.

ಕೇಳಿದರೂ ಹೇಳುವುದು ಎಷ್ಟು ಕಷ್ಟ ಎಂಬುದನ್ನು ಕಾದಂಬರಿಗಾರ್ತಿ ತ್ರಿವೇಣಿ ಬಹಳ ಹಿಂದೆಯೇ ಬರೆದಿಟ್ಟರು. ಅವರ ‘ಶರಪಂಜರ’ ಕಾದಂಬರಿಯ ಕಾವೇರಿ ಗಂಡ, ಮನೆ ಎಂದು ನೆಮ್ಮದಿಯಾಗಿದ್ದವಳು. ಹೆರಿಗೆಯ ನಂತರ ಚಿತ್ತ ಕದಡುತ್ತದೆ. ಮದುವೆಗೆ ಮುಂಚಿನ ಪ್ರಸಂಗವೊಂದು ಬಾಯಿಗೆ ಬಂದುಬಿಡುತ್ತದೆ. ಚಿಕಿತ್ಸೆ ಮುಗಿಸಿ ಆಕೆ ಮನೆಗೆ ಮರಳುತ್ತಾಳೆ, ಗಂಡನ ಮನಸ್ಸು ಮರಳುವುದಿಲ್ಲ. ಇದೇ ಕಥೆಯ ಪುಟ್ಟಣ್ಣ ಕಣಗಾಲರ ಚಿತ್ರದಲ್ಲಿ ಕಲ್ಪನಾ ಅವರ ಅಭಿನಯ ನೋಡಿ ಕಣ್ಣೊರೆಸಿಕೊಂಡ ಮನೆಗಳಲ್ಲೂ ಹೆಂಗಸರ ಹರೆಯದ ಮಾತಿಗೆ ಜಾಗ ಸಿಗಲಿಲ್ಲ.

ತ್ರಿವೇಣಿಯವರದೇ ಕಥೆ ಇನ್ನೊಂದು ಬಗೆಯದು. 1928ರಲ್ಲಿ ಹುಟ್ಟಿದ ಅವರು ಹತ್ತು ವರ್ಷದ ಆಸುಪಾಸಿನಲ್ಲಿ ಇಪ್ಪತ್ತರಷ್ಟು ಕಾದಂಬರಿ ಬರೆದು, 1963ರಲ್ಲಿ ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆ ಮಗಳ ಪಾಲಿಗೆ ಬಂದದ್ದು ಮಕ್ಕಳಾಗುವ ಮುಂಚಿನ ಅಮ್ಮ, ಅದೂ ಪುಸ್ತಕಗಳಲ್ಲಿ ಮತ್ತು ಬೇರೆಯವರ ನೆನಪುಗಳಲ್ಲಿ. ಮಿಕ್ಕವರದು ಇದರ ತಿರುಗುಮುರುಗು. ಅಮ್ಮ ದಿನವೂ ಕಣ್ಣೆದುರಿಗಿದ್ದಾರೆ, ಆ ಹುಡುಗಿಯ ಪರಿಚಯವೇ ಇಲ್ಲ.

ಹಾಗೆಂದು ಎಲ್ಲರಿಗೂ ಒಂದು ಬಣ್ಣದ ಹರೆಯ ಕಲ್ಪಿಸಿ ಕೊಡುವುದೂ ಸುಳ್ಳಾದೀತು. ಹುಡುಗಿಯ ಮದುವೆಗೆ 14 ವರ್ಷ ಸಾಕೆಂದದ್ದು 1929ರ ಶಾರದಾ ಕಾಯ್ದೆ. ಆಮೇಲೆ ಅದು 15 ಆಯಿತು. 18 ಆಗಲು 1978 ಬರಬೇಕಾಯಿತು. ಈಗ ಎಪ್ಪತ್ತು ದಾಟಿರುವ ಅಜ್ಜಿಯನ್ನು ಹೈಸ್ಕೂಲು ಬಿಡಿಸಿ ಹಸೆಮಣೆಗೆ ಕೂರಿಸಿದ್ದರೂ ಕಾನೂನಿನ ತಕರಾರು ಇರಲಿಲ್ಲ. ಅಂಥವರ ಬಾಲ್ಯ ಮುಗಿದ ಮರುದಿನವೇ ಸಂಸಾರ.

ಮದುವೆಗೆ ಮುಂಚೆ ನಾಲ್ಕು ವರ್ಷವಾದರೂ ಸ್ವಂತಕ್ಕೆ ದಕ್ಕಿಸಿಕೊಂಡವರೂ ಇದ್ದಾರೆ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ ಶುರುವಾದ ಮೇಲೆ ಜೋಡಣೆಯ ಮೇಜುಗಳಿಗೆ ಹೆಣ್ಣುಮಕ್ಕಳು ಬಂದರು. ಕಣ್ಣಿಗೆ ಭೂತಗನ್ನಡಿ, ಕೈಯಲ್ಲಿ ಚಿಮಟ, ತಿಂಗಳು ತುಂಬಿದರೆ ಸಂಬಳ. ಆ ಮೊದಲ ಸಂಬಳ ಅಪ್ಪನ ಕೈಗೆ ಹೋಯಿತೋ, ಸೀರೆ ಅಂಗಡಿಗೋ, ತಮ್ಮನ ಫೀಸಿಗೋ? ಇದೊಂದು ಪ್ರಶ್ನೆ ಹತ್ತು ಫೋಟೊಗಳಿಗಿಂತ ಹೆಚ್ಚು ಹೇಳಿಸೀತು.

ಉತ್ತರ ಹೊರಡದಿದ್ದರೆ ಬೀರುವಿನಲ್ಲಿರುವ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೆಗೆಸಿ ನೋಡಬಹುದು. ಗಂಡನ ಹೆಸರಿಲ್ಲದ ಕಾಗದ ಅದು. ಗಣಿತದಲ್ಲಿ ಮಕ್ಕಳಿಗಿಂತ ಅಮ್ಮನಿಗೇ ಹೆಚ್ಚು ಅಂಕ ಬಂದಿರುವ ಅಪಾಯವೂ ಉಂಟು.