ಬೇಸಾಯದ ಹೊಸ ಯಂತ್ರಗಳೂ ಅವುಗಳ ಸಾಕ್ಷ್ಯವೂ

ಕೊಟ್ಟಿಗೆಯಿಂದ ಎತ್ತು ಕಳುವಾದರೆ ಮನೆಯ ಹಿರಿಯರು ಮೊದಲು ಹೇಳುವ ಮಾತು, ಅಂಗಳವನ್ನು ಗುಡಿಸಬೇಡಿರಿ ಎಂಬುದು. ಕಳ್ಳನ ಹೆಜ್ಜೆಯೂ ಎತ್ತಿನ ಗೊರಸಿನ ಗುರುತೂ ನೆಲದಲ್ಲಿ ಉಳಿದಿದ್ದರೆ ಮಾತ್ರ ಹೋದ ದಾರಿಯು ತಿಳಿಯುವುದಷ್ಟೆ. ಈಗ ನಮ್ಮ ಹೊಲತೋಟಗಳಿಗೆ ಬರುತ್ತಲಿರುವ ಹೊಸ ಯಂತ್ರಗಳ ವಿಷಯದಲ್ಲಿಯೂ ಇದೇ ಎಚ್ಚರಿಕೆಯು ಅತ್ಯಾವಶ್ಯಕವೆಂಬುದನ್ನು ವಾಚಕರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ಮೊಬೈಲಿನಿಂದ ಪಂಪುಸೆಟ್ಟನ್ನು ನಡೆಸುವ ಸ್ಟಾರ್ಟರು, ಮಣ್ಣಿನ ತೇವವನ್ನು ಅಳೆಯುವ ಸೆನ್ಸರು, ಹನಿ ನೀರಾವರಿಯ ವಾಲ್ವುಗಳನ್ನು ತಾನಾಗಿ ತೆರೆದು ಮುಚ್ಚುವ ಕಂಟ್ರೋಲರು, ತೋಟದ ಕ್ಯಾಮೆರಾ ಮುಂತಾದುವುಗಳಿಂದ ರೈತರಿಗೆ ಆಗುವ ಅನುಕೂಲವು ಅಲ್ಪವಾದುದಲ್ಲ. ಅಪರಾತ್ರಿಯಲ್ಲಿ ಕರೆಂಟು ಬಂದಾಗ ಹಾವುಚೇಳುಗಳಿಗೆ ಅಂಜುತ್ತಾ ತೋಟಕ್ಕೆ ನಡೆಯುವ ಕಷ್ಟವನ್ನು ಇವು ತಪ್ಪಿಸುತ್ತವೆ. ಆದರೆ ಇವುಗಳಲ್ಲಿ ಅನೇಕವು ತಾವು ಮಾಡಿದ ಕೆಲಸದ ಲೆಕ್ಕವನ್ನು ತಮ್ಮಲ್ಲಿಯೇ ಇಟ್ಟುಕೊಳ್ಳದೆ, ಕ್ಲೌಡ್ ಎಂದು ಕರೆಯಲ್ಪಡುವ ದೂರದ ಕಂಪ್ಯೂಟರುಗಳ ಉಗ್ರಾಣಕ್ಕೆ ಕಳುಹಿಸುತ್ತವೆ. ಹೊಲ ನಮ್ಮದು, ಯಂತ್ರ ನಮ್ಮದು. ಲೆಕ್ಕದ ಪುಸ್ತಕ ಮಾತ್ರ ನಾವು ಕಾಣದ ಊರಿನಲ್ಲಿರುವುದು.

ಇಂತಹ ಯಂತ್ರಗಳ ದೌರ್ಬಲ್ಯವು ಲೋಕಕ್ಕೆಲ್ಲ ಸ್ಪಷ್ಟವಾದುದು 2016ನೆಯ ಇಸವಿಯಲ್ಲಿ. ಮಿರಾಯ್ ಎಂಬ ದುಷ್ಟ ಪ್ರೋಗ್ರಾಮು ಅಂತರ್ಜಾಲಕ್ಕೆ ಸೇರಿಸಿದ್ದ ಕ್ಯಾಮೆರಾ, ರೌಟರುಗಳನ್ನು ಹುಡುಕಿ, ಕಾರ್ಖಾನೆಯವರು ಇಟ್ಟಿದ್ದ ಸುಮಾರು 60 ಬಗೆಯ ಹೆಸರು, ಪಾಸ್‌ವರ್ಡುಗಳನ್ನು ಒಂದಾದ ಮೇಲೊಂದರಂತೆ ಪ್ರಯೋಗಿಸಿ ಒಳಹೊಕ್ಕಿತು. ಹೀಗೆ ವಶವಾದ ಯಂತ್ರಗಳ ಸೈನ್ಯದಿಂದ ಅದೇ ವರ್ಷ ಅಕ್ಟೋಬರ್ 21ರಂದು ಅಮೆರಿಕದ ಡೈನ್ ಕಂಪೆನಿಯ ಮೇಲೆ ನಡೆದ ಆಕ್ರಮಣದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದ ದೊಡ್ಡ ತಾಣಗಳೂ ಅನೇಕರಿಗೆ ದೊರೆಯದೆ ಹೋದುವು. ಮಿರಾಯ್ ಯಂತ್ರದ ತಾತ್ಕಾಲಿಕ ಸ್ಮೃತಿಯಲ್ಲಿ ಮಾತ್ರ ನೆಲೆಸುತ್ತಿತ್ತು. ಯಂತ್ರವನ್ನು ಒಮ್ಮೆ ಆರಿಸಿದರೆ ಅದು ಅಳಿಯುತ್ತಿತ್ತು; ಅದರೊಡನೆ ಅದು ಬಂದುದರ ಸಾಕ್ಷ್ಯವೂ ಅಳಿಯುತ್ತಿತ್ತು. ಪಾಸ್‌ವರ್ಡು ಬದಲಾಗದಿದ್ದರೆ ಅದು ಮತ್ತೆ ಬಂದು ಸೇರುತ್ತಿತ್ತು.

ಇದು ಪಟ್ಟಣದವರ ಪಾಡು, ಬೇಸಾಯಕ್ಕೆ ಇದರಿಂದ ಬಾಧೆಯಿಲ್ಲ ಎನ್ನುವಂತಿಲ್ಲ. 2021ನೆಯ ಸೆಪ್ಟೆಂಬರಿನಲ್ಲಿ ಅಮೆರಿಕದ ಅಯೋವಾ ಪ್ರಾಂತದ ನ್ಯೂ ಕೋ-ಆಪರೇಟಿವ್ ಎಂಬ ರೈತರ ಸಹಕಾರ ಸಂಘದ ಕಂಪ್ಯೂಟರುಗಳಿಗೆ ದುಷ್ಕರ್ಮಿಗಳು ನುಗ್ಗಿ ಹಣವನ್ನು ಕೇಳಲು, ಸಂಘವು ತನ್ನ ಯಂತ್ರವ್ಯವಸ್ಥೆಯನ್ನೇ ಜಾಲದಿಂದ ಬೇರ್ಪಡಿಸಬೇಕಾಯಿತು. ಅದು ಸುಗ್ಗಿಯ ಹೊತ್ತು.

ಇನ್ನು ಇಂತಹ ಕೃತ್ಯಗಳ ತನಿಖೆಯ ತೊಡಕನ್ನು ನೋಡೋಣ. ಮನೆಯಲ್ಲಿನ ಕಂಪ್ಯೂಟರನ್ನು ಪೋಲೀಸರು ಜಪ್ತಿ ಮಾಡಬಹುದು. ಕ್ಲೌಡಿನ ಒಂದೇ ಯಂತ್ರದಲ್ಲಿ ನೂರಾರು ಗಿರಾಕಿಗಳ ಲೆಕ್ಕವು ಸೇರಿರುವುದರಿಂದ ಅದನ್ನು ಎತ್ತಿಕೊಂಡು ಬರುವಂತಿಲ್ಲ. ಅದು ಪರದೇಶದಲ್ಲಿದ್ದರೆ ಆ ದೇಶದ ಕಾನೂನಿನ ಮೂಲಕ ಕೇಳಬೇಕು. ಅಷ್ಟರಲ್ಲಿ ಹಳೆಯ ದಾಖಲೆಯ ಮೇಲೆ ಹೊಸದು ಬರೆದುಹೋಗಿರಬಹುದು. ಗಡಿಯಾರದ ತೊಡಕೂ ಉಂಟು. ಇಂತಹ ದಾಖಲೆಗಳನ್ನು ಸಾಮಾನ್ಯವಾಗಿ ಅಂತರರಾಷ್ಟ್ರೀಯ ಕಾಲಮಾನದಲ್ಲಿ ಬರೆಯುವರು. ನಮ್ಮ ಕಾಲವು ಅದಕ್ಕಿಂತ ಐದೂವರೆ ಗಂಟೆ ಮುಂದು. ನಮ್ಮಲ್ಲಿ ಬೆಳಗಿನ ಜಾವ 2 ಗಂಟೆಗೆ ಓಡಿದ ಪಂಪು ಅಲ್ಲಿ ಹಿಂದಿನ ದಿನದ ರಾತ್ರಿ 8-30ಕ್ಕೆ ಓಡಿದಂತೆ ಕಾಣುವುದು.

ಒಬ್ಬ ರೈತನ ಪಂಪನ್ನು ಯಾರೋ ರಾತ್ರಿಯಲ್ಲಿ ದೂರದಿಂದ ನಡೆಸಿ, ಬತ್ತಿದ ಬಾವಿಯಲ್ಲಿ ಮೋಟಾರು ಸುಟ್ಟಿತೆನ್ನೋಣ. ನೀನೇ ನಡೆಸಿರುವೆ, ಗ್ಯಾರಂಟಿ ಸಲ್ಲದು ಎಂದು ಮಾರಿದವರು ಹೇಳಿದರೆ ಅವನು ಏನನ್ನು ತೋರಿಸಬಲ್ಲನು? ದಾಖಲೆಯು ಆಪಾದಿತರ ಕೈಯಲ್ಲಿಯೇ ಇರುವುದು!

ನಮ್ಮ ಕಾನೂನು ಈ ವಿಷಯದಲ್ಲಿ ಸುಮ್ಮನಿಲ್ಲ. 2024ನೆಯ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದಂತೆ ವಿದ್ಯುನ್ಮಾನ ದಾಖಲೆಯೊಡನೆ ಪ್ರಮಾಣಪತ್ರವನ್ನೂ, ಅದರಲ್ಲಿ ಹ್ಯಾಷ್ ಸಂಖ್ಯೆಯನ್ನೂ ಕೊಡಬೇಕು. ಹ್ಯಾಷ್ ಎಂಬುದು ದಾಖಲೆಯ ಬೆರಳಚ್ಚು; ಒಂದು ಅಕ್ಷರ ತಿದ್ದಿದರೂ ಬೆರಳಚ್ಚು ಬೇರೆಯಾಗುವುದು. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯು 2022ನೆಯ ಏಪ್ರಿಲಿನಲ್ಲಿ ಹೊರಡಿಸಿದ ನಿರ್ದೇಶನದಂತೆ ಕಂಪೆನಿಗಳು ಆಕ್ರಮಣವು ತಿಳಿದ 6 ಗಂಟೆಗಳೊಳಗೆ ವರದಿ ಮಾಡತಕ್ಕದ್ದು. ಲಾಗುಗಳೆಂಬ ದಿನಚರಿಗಳನ್ನು 180 ದಿನಗಳವರೆಗೆ ಕಾಪಾಡತಕ್ಕದ್ದು. ಆದರೆ ಆ ದಿನಚರಿಯ ಪ್ರತಿಯು ರೈತನ ಕೈಗೆ ಬರದಿದ್ದರೆ ಅವನಿಗೆ ಪ್ರಯೋಜನವೇನು?

ಆದುದರಿಂದ, ಸಹಾಯಧನದಿಂದ ಕೊಡುವ ಇಂತಹ ಪ್ರತಿಯೊಂದು ಯಂತ್ರದ ವಿಷಯದಲ್ಲಿಯೂ ಮೂರು ಷರತ್ತುಗಳನ್ನು ವಿಧಿಸಬೇಕೆಂಬುದು ನಮ್ಮ ಅಭಿಪ್ರಾಯ. ಎಲ್ಲ ಯಂತ್ರಗಳಿಗೂ ಒಂದೇ ಪಾಸ್‌ವರ್ಡು ಇರಕೂಡದು; ಬ್ರಿಟನ್ನಿನಲ್ಲಿ 2024ನೆಯ ಏಪ್ರಿಲ್ 29ರಿಂದ ಇದು ಕಾನೂನೇ ಆಗಿದೆ. ದಿನಚರಿಯನ್ನು 180 ದಿನ ಇಡಬೇಕು. ರೈತನು ಕೇಳಿದಾಗ ಅದರ ಪ್ರತಿಯನ್ನು ಪ್ರಮಾಣಪತ್ರದೊಡನೆ ಪುಕ್ಕಟೆಯಾಗಿ ಕೊಡಬೇಕು. ಇದರಿಂದ ಬೆಲೆಯೇರುವುದೆಂದು ಕೆಲವರು ಆಕ್ಷೇಪಿಸಬಹುದು. ಪಂಪು ಯಾವಾಗ ಹೊರಟಿತು, ಯಾವಾಗ ನಿಂತಿತು, ಆಜ್ಞೆ ಎಲ್ಲಿಂದ ಬಂದಿತು ಎಂಬುದು ದಿನಕ್ಕೆ ಕೆಲವೇ ಪಂಕ್ತಿಗಳ ಬರಹ. ಮೋಟಾರು ಸುಡುವ ನಷ್ಟದ ಮುಂದೆ ಇದರ ವೆಚ್ಚವು ಏನೇನೂ ಅಲ್ಲ.

ರೈತ ಬಾಂಧವರಿಗೆ ಒಂದೆರಡು ಸೂಚನೆಗಳು. ಯಂತ್ರವನ್ನು ಕೂರಿಸಿದ ದಿನವೇ ಪಾಸ್‌ವರ್ಡನ್ನು ಬದಲಾಯಿಸಿರಿ. ಅಪಾಯವೆನಿಸಿದರೆ ಮೊದಲು ವಿದ್ಯುತ್ತನ್ನು ಕಡಿಯಿರಿ. ಹಾಗಿಲ್ಲದಿದ್ದರೆ ಜಾಲದ ಸಂಪರ್ಕವನ್ನು ಮಾತ್ರ ತಪ್ಪಿಸಿ, ಯಂತ್ರವನ್ನು ಆರಿಸದೆ, ರೀಸೆಟ್ ಮಾಡದೆ, ಪರದೆಯ ಚಿತ್ರವನ್ನು ತೆಗೆದು ವೇಳೆಯನ್ನು ಬರೆದಿಡಿರಿ. ಬಳಿಕ ಪೋಲೀಸರಿಗೆ ದೂರು ಕೊಡಿರಿ. ಹಣವು ಹೋಗಿದ್ದರೆ ಕೂಡಲೆ 1930ಕ್ಕೆ ಕರೆಮಾಡಿರಿ. ರಿಪೇರಿಯವನನ್ನು ಆಮೇಲೆ ಕರೆಸಬಹುದು. ಅಂಗಳವನ್ನು ಗುಡಿಸುವುದಕ್ಕೆ ಅವಸರವಿಲ್ಲ.