ಹಳೇ ಗಾಡಿಗೆ ಮೊದಲು ಬಣ್ಣ ಅಲ್ಲ, ಲೆಕ್ಕ

ನಮ್ಮಪ್ಪ ಓಡಿಸ್ತಿದ್ದ 407 ಗಾಡಿ ಆರು ವರ್ಷದಿಂದ ಹುಣಸೆಮರದ ಕೆಳಗೆ ನಿಂತಿತ್ತು. ಹಳೇ ಲಾರಿಗಳಿಗೆ ಮರುಜೀವ ಕೊಡೋ ವಿಡಿಯೋ ನೋಡಿ ನನಗೂ ಹುಮ್ಮಸ್ಸು ಬಂತು. ಮೊದಲು ಮಾಡಿಸಿದ್ದೇ ಪೇಂಟ್! ಆಮೇಲೆ ಮೆಕ್ಯಾನಿಕ್ ಅಡಿಗೆ ತೂರಿ ನೋಡಿದರೆ ಚಾಸಿಗೇ ತುಕ್ಕು ಹಿಡಿದಿತ್ತು. ವೆಲ್ಡಿಂಗ್ ಬಿಸಿಗೆ ಹೊಸ ಬಣ್ಣ ಸುಟ್ಟುಹೋಯ್ತು. ಮೆಕ್ಕೆಜೋಳದ ಬಿತ್ತನೆಗೆ ಇಟ್ಟಿದ್ದ ದುಡ್ಡೂ ಅದಕ್ಕೇ ಸುರಿದೆ. ಆ ಮುಂಗಾರಿನಲ್ಲಿ ಗೊಬ್ಬರಕ್ಕೆ ಕೈಸಾಲ ಮಾಡಬೇಕಾಯ್ತು.

ಅದಕ್ಕೇ ಹೇಳ್ತೀನಿ, ಮೊದಲು ಕಾಗದಪತ್ರ ನೋಡಿ. ಆರ್‌ಸಿ ಯಾರ ಹೆಸರಲ್ಲಿದೆ, ತೆರಿಗೆ ಬಾಕಿ ಇದೆಯಾ, ಎಫ್‌ಸಿ ಸಿಗುತ್ತಾ ಅಂತ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. 8 ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿವರ್ಷ ಎಫ್‌ಸಿ ಬೇಕು. ಆ ಖರ್ಚೂ ಲೆಕ್ಕದಲ್ಲಿರಲಿ. "ವಿಂಟೇಜ್ ಅಂತ ನೋಂದಣಿ ಮಾಡಿಸ್ತೀನಿ" ಅನ್ನೋರು ಗಮನಿಸಿ: 2021ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಅಂಥ ಗಾಡಿಯಲ್ಲಿ ಬಾಡಿಗೆ ಹೊಡೆಯೋ ಹಾಗಿಲ್ಲ.

ಕೆಲಸದ ಕ್ರಮ ಹೀಗಿರಲಿ: ಚಾಸಿ, ಬ್ರೇಕು, ಸ್ಟೇರಿಂಗು, ಎಂಜಿನ್, ವೈರಿಂಗ್, ಟೈರು. ಬಣ್ಣ ಕೊನೆಗೆ. ಮೆಕ್ಯಾನಿಕ್ ಹೇಳಿದ ಅಂದಾಜಿನ ಮೇಲೆ ಇನ್ನೂ ಕಾಲುಭಾಗ ಎತ್ತಿಡಿ. ಬಿಚ್ಚಿದ ಮೇಲೆ ಹೊಸ ರೋಗ ಕಾಣಿಸಿಯೇ ಕಾಣಿಸುತ್ತೆ. ಬೆಳೆಸಾಲ ಮುಟ್ಟಲೇಬೇಡಿ. ಸುಗ್ಗಿ ಮುಗಿದು ಉಳಿದ ಹಣದಲ್ಲಿ ಹಂತಹಂತವಾಗಿ ಮಾಡಿ. ಒಂದು ವರ್ಷದ ಬದಲು ಮೂರು ವರ್ಷ ಹಿಡಿಯಲಿ, ನಷ್ಟವೇನಿಲ್ಲ.

ಗಾಡಿ ಈಗ ಓಡ್ತಿದೆ. ಅಪ್ಪ ಪಕ್ಕದ ಸೀಟಲ್ಲಿ ಕೂತು ನಾನು ಗೇರ್ ಹಾಕೋದನ್ನೇ ನೋಡ್ತಾರೆ. ಖುಷಿ ಇದೆ. ಆದರೆ ಆ ಕೈಸಾಲ ಇನ್ನೂ ತೀರಿಲ್ಲ.